ಅನ್ನದ ಹಕ್ಕು: ಕ್ಷಾಮದಿಂದ ಕಾನೂನಿನವರೆಗೆ

ಖಲೀಫಾ ಹಝ್ರತ್ ಉಮರ್(ರ)ರ ಆಡಳಿತ ಕಾಲದ ಒಂದು ಪ್ರಸಂಗವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲೇ ಕೇಳಿರುತ್ತೇವೆ. ಮದೀನಾದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ರಾತ್ರಿ ಕಾವಲಿಗೆ ಹೊರಟ ಖಲೀಫರಿಗೆ ಮಗುವೊಂದರ ಅಳು ಕೇಳಿಸಿತು. ಮಗುವನ್ನು ಸಮಾಧಾನಪಡಿಸುವಂತೆ ತಾಯಿಗೆ ಹೇಳಿ ಹೋದರು. ಮರಳಿ ಬಂದಾಗಲೂ ಅಳು ನಿಂತಿರಲಿಲ್ಲ. ಕಾರಣ ಕೇಳಿದಾಗ, ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ಹೇಳಿದ್ದು ಇಷ್ಟು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕಾಗಿ ಮಗುವಿಗೆ ಬೇಗನೆ ಹಾಲು ಬಿಡಿಸುತ್ತಿದ್ದೇನೆ. ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಅಳುವಿನಿಂದಾಗಿ ಅವರ ಕುರ್‌ಆನ್ ಪಠಣ ಜನರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿದ ಕೂಡಲೇ ಅವರು ನಿಯಮ ಬದಲಿಸಿದರು. ಮುಂದೆ ಮಗು ಹುಟ್ಟಿದ ದಿನದಿಂದಲೇ ಭತ್ಯೆ ದೊರೆಯತೊಡಗಿತು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಖಲೀಫರ ದಯೆ ಮತ್ತು ದೇವಭಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಆಡಳಿತದ ಒಂದು ಪಾಠವೂ ಇದೆ. ಭತ್ಯೆಯ ಉದ್ದೇಶ ಒಳ್ಳೆಯದಾಗಿತ್ತು, ಖಜಾನೆಯಲ್ಲಿ ಹಣವೂ ಇತ್ತು. ಆದರೂ ನಿಯಮದ ಒಂದೇ ಒಂದು ಶರತ್ತಿನಿಂದ ಎಳೆಮಗುವಿನ ಬಾಯಿಂದ ತಾಯಿಹಾಲು ತಪ್ಪಿತು. ಆಹಾರಕ್ಕೆ ಸಂಬಂಧಿಸಿದ ಸರಕಾರಿ ನೀತಿಗಳ ಚರಿತ್ರೆಯನ್ನು ಓದುವಾಗ ಈ ಪಾಠವನ್ನು ಮರೆಯಬಾರದು. ಧಾನ್ಯ ಎಷ್ಟು ಬೆಳೆಯಿತು ಎಂಬುದು ಒಂದು ಪ್ರಶ್ನೆ. ಬೆಳೆದ ಧಾನ್ಯವನ್ನು ಕೇಳಿ ಪಡೆಯುವ ಹಕ್ಕು ಯಾರಿಗಿತ್ತು ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ದೇಶದ ಕಳೆದ ನೂರೈವತ್ತು ವರ್ಷಗಳ ಅನುಭವವು ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ತೋರಿಸಿಕೊಡುತ್ತದೆ.

ಬ್ರಿಟಿಷರ ಕಾಲದ ಬರಗಳು

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ನಡುಗಿಸಿತು. ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ ಐದನೇ ಒಂದು ಪಾಲಿನಷ್ಟು ಮಂದಿ ಹಸಿವು ಮತ್ತು ರೋಗಗಳಿಂದ ಸತ್ತರೆಂದು ಅಂದಾಜು. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯವು ಇಂಗ್ಲೆಂಡಿಗೆ ರಫ್ತಾಗುತ್ತಲೇ ಇತ್ತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ವೈಭವದ ದರ್ಬಾರ್ ನಡೆಸಿದ. ಪರಿಹಾರದ ಖರ್ಚು ತಗ್ಗಿಸಲು ಸರ್ ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳುಹಿಸಲಾಯಿತು. ಬರಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಸಾಕೆಂದು ಆತ ನಿಗದಿಪಡಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳ ನಂತರ ಕೂಲಿಯನ್ನು ಹೆಚ್ಚಿಸಲಾಯಿತು. ಅಷ್ಟರಲ್ಲಿ ಅನೇಕರ ಪಾಲಿಗೆ ಕಾಲ ಮಿಂಚಿತ್ತು.

ಇದರ ಬಳಿಕ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ವರದಿ ನೀಡಿತು. ಬರ ಬಂದಾಗ ದೇಶದಲ್ಲಿ ಧಾನ್ಯವೇ ಇಲ್ಲದಂತಾಗುವುದು ಅಪರೂಪ, ಕೆಲಸ ಕಳೆದುಕೊಂಡ ಕೂಲಿಕಾರರಲ್ಲಿ ಅದನ್ನು ಕೊಳ್ಳುವ ಹಣ ಇರುವುದಿಲ್ಲ ಎಂಬುದನ್ನು ಆ ವರದಿ ಗುರುತಿಸಿತು. ಅದರ ಆಧಾರದಲ್ಲಿ ಕ್ಷಾಮ ಸಂಹಿತೆಗಳು ರಚನೆಯಾದವು. ಬರ ಘೋಷಣೆಯಾದೊಡನೆ ಕಾಮಗಾರಿ ಆರಂಭಿಸಬೇಕು, ದುಡಿಯಲಾಗದವರಿಗೆ ಅನ್ನ ಕೊಡಬೇಕು ಎಂಬ ನಿಯಮಗಳು ಅವುಗಳಲ್ಲಿದ್ದವು. ಆದರೆ ಬರ ಬಂದಿದೆಯೆಂದು ಘೋಷಿಸುವ ಅಧಿಕಾರ ಸರಕಾರದ್ದೇ ಆಗಿತ್ತು. ಸರಕಾರ ಬಾಯಿ ಮುಚ್ಚಿ ಕುಳಿತರೆ ಪ್ರಜೆಗೆ ಕೇಳುವ ದಾರಿ ಇರಲಿಲ್ಲ. ಇದರ ಪರಿಣಾಮ 1943ರಲ್ಲಿ ಕಂಡುಬಂತು.

ಬಂಗಾಳದ ಪಾಠ

1942ರಲ್ಲಿ ಜಪಾನ್ ಬರ್ಮಾವನ್ನು ವಶಪಡಿಸಿಕೊಂಡಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬ್ರಿಟಿಷ್ ಸರಕಾರವು ಬಂಗಾಳದ ಕರಾವಳಿಯಿಂದ ಅಕ್ಕಿಯನ್ನೂ ದೋಣಿಗಳನ್ನೂ ತೆರವು ಮಾಡಿಸಿತು. ದೋಣಿ ಹೋದ ಮೇಲೆ ಬೆಸ್ತನಿಗೆ ಮೀನಿಲ್ಲ, ವ್ಯಾಪಾರಿಗೆ ಸಾಗಾಟವಿಲ್ಲ. ಅಕ್ಟೋಬರ್‌ನಲ್ಲಿ ಚಂಡಮಾರುತ ಬೀಸಿತು. ಯುದ್ಧದ ಖರ್ಚಿನಿಂದ ಬೆಲೆಗಳು ಗಗನಕ್ಕೇರಿದವು. ಕಲ್ಕತ್ತಾದ ಕಾರ್ಖಾನೆ ಕೆಲಸಗಾರರಿಗೂ ಸರಕಾರಿ ನೌಕರರಿಗೂ ಅಗ್ಗದ ದರದಲ್ಲಿ ಅಕ್ಕಿ ಒದಗಿಸುವ ಏರ್ಪಾಡಾಯಿತು. ಹಳ್ಳಿಯ ಕೂಲಿಗಳು, ಬೆಸ್ತರು, ನೇಕಾರರು, ಕುಶಲಕರ್ಮಿಗಳು ಆ ಏರ್ಪಾಡಿನಿಂದ ಹೊರಗುಳಿದರು. ಸತ್ತವರು ಬಹುತೇಕ ಇವರೇ. ಸಾವಿನ ಸಂಖ್ಯೆ 15 ಲಕ್ಷವೆಂದು ಸರಕಾರಿ ವಿಚಾರಣಾ ಆಯೋಗ ಅಂದಾಜಿಸಿತು. ಅನೇಕ ಇತಿಹಾಸಕಾರರು ಸುಮಾರು 30 ಲಕ್ಷ ಎನ್ನುತ್ತಾರೆ. ಕ್ಷಾಮ ಸಂಹಿತೆಯ ಪ್ರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ.

ಕಲ್ಕತ್ತಾದ ಬೀದಿಗಳಲ್ಲಿ ಒಂದು ಹಿಡಿ ಅಗುಳಿಗಾಗಿ ಕೈಚಾಚಿದ ಜನರನ್ನು ತರುಣ ಕಲಾವಿದ ಝೈನುಲ್ ಆಬಿದೀನ್ ಅಗ್ಗದ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಚಿತ್ರಿಸಿದರು. ಗಂಜಿಕೇಂದ್ರಗಳನ್ನು ಜನ 'ಲಂಗರ್‌ಖಾನ' ಎಂದು ಕರೆಯುತ್ತಿದ್ದರು. ದರ್ಗಾಗಳಲ್ಲೂ ಗುರುದ್ವಾರಗಳಲ್ಲೂ ಗೌರವದಿಂದ ಬಡಿಸುವ ಅನ್ನದ ಹೆಸರು ಅಂದು ನೀರುಗಂಜಿಯ ಸರತಿ ಸಾಲಿಗೆ ಬಂತು.

ಆಗ ಶಾಂತಿನಿಕೇತನದಲ್ಲಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಮನೆ ಬಾಗಿಲಿಗೆ ಬಂದ ಹಸಿದವರಿಗೆ ಸಿಗರೇಟು ಡಬ್ಬಿಯಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದ. ಆತನೇ ಮುಂದೆ ನೊಬೆಲ್ ಪುರಸ್ಕಾರ ಪಡೆದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್. 1943ರಲ್ಲಿ ಬಂಗಾಳದಲ್ಲಿದ್ದ ಆಹಾರವು, ಕ್ಷಾಮವಿಲ್ಲದ 1941ಕ್ಕಿಂತ ಕಡಿಮೆಯಿರಲಿಲ್ಲ ಎಂದು ಅವರು 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಇದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಗಳು ನಡೆದಿವೆ. ಆದರೆ ಜನರು ಹಸಿವಿನಿಂದ ಸಾಯುವುದು ಆಹಾರವನ್ನು ಪಡೆಯುವ ಸಾಮರ್ಥ್ಯ ಕಳೆದುಕೊಂಡಾಗ ಎಂಬ ಅವರ ಮೂಲ ಮಾತು ಜಗತ್ತಿನ ನೀತಿಗಳ ದಿಕ್ಕನ್ನೇ ಬದಲಿಸಿತು.

ಆ ನೆಲದ ಪೂರ್ವಭಾಗ ಬಾಂಗ್ಲಾದೇಶವಾದ ಮೇಲೆ 1974ರಲ್ಲಿ ಅಲ್ಲಿ ಮತ್ತೆ ಕ್ಷಾಮ ಬಂತು. ಸೇನ್ ಅವರ ಲೆಕ್ಕದಂತೆ 1971ರಿಂದ 1975ರ ಅವಧಿಯಲ್ಲಿ ತಲಾ ಧಾನ್ಯದ ಲಭ್ಯತೆ ಅತ್ಯಧಿಕವಾಗಿದ್ದುದು ಅದೇ ವರ್ಷ. ಪ್ರವಾಹದಿಂದ ಕೂಲಿಕಾರರ ಕೆಲಸ ನಿಂತಿತ್ತು, ಅಕ್ಕಿಯ ಬೆಲೆ ಏರಿತ್ತು. ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿದ ಕಾರಣಕ್ಕೆ ಅಮೆರಿಕಾ ಆ ದೇಶಕ್ಕೆ ಕೊಡಬೇಕಾಗಿದ್ದ ಧಾನ್ಯವನ್ನು ತಡೆಹಿಡಿದಿತ್ತು. ಬಡದೇಶವೊಂದು ತನ್ನ ಅನ್ನಕ್ಕಾಗಿ ಪರರ ಮುಖ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹಡಗಿನಲ್ಲಿ ಬಂದ ಗೋಧಿ

ಸ್ವತಂತ್ರ ಭಾರತವೂ ಈ ಅನುಭವವನ್ನು ಕಂಡಿದೆ. 1950-51ರಲ್ಲಿ ದೇಶದ ಆಹಾರಧಾನ್ಯ ಉತ್ಪಾದನೆ ಸುಮಾರು 5 ಕೋಟಿ ಟನ್. ಯುದ್ಧಕಾಲದಿಂದ ಮುಂದುವರಿದಿದ್ದ ರೇಷನ್ ಮತ್ತು ನಿಯಂತ್ರಣಗಳಿಂದ ಜನ ಬೇಸತ್ತಿದ್ದರು. 1952ರಲ್ಲಿ ಆಹಾರ ಸಚಿವರಾದ ರಫಿ ಅಹ್ಮದ್ ಕಿದ್ವಾಯಿಯವರು ನಿಯಂತ್ರಣಗಳನ್ನು ಹಂತಹಂತವಾಗಿ ಸಡಿಲಿಸಿದರು. ಮಳೆಯೂ ಅವರ ಕೈಹಿಡಿಯಿತು. ಕಾಳಸಂತೆ ತಗ್ಗಿ ಧಾನ್ಯ ಮಾರುಕಟ್ಟೆಗೆ ಬಂತು. 1954ರ ಅಕ್ಟೋಬರ್‌ನಲ್ಲಿ ಅವರು ಅಧಿಕಾರದಲ್ಲಿರುವಾಗಲೇ ನಿಧನರಾದರು. ನಂತರದ ವರ್ಷಗಳಲ್ಲಿ ಮಳೆ ಕೈಕೊಟ್ಟಾಗ ಕೊರತೆ ಮತ್ತೆ ತಲೆದೋರಿತು. 1956ರಲ್ಲಿ ಅಮೆರಿಕಾದೊಂದಿಗೆ ಪಿ.ಎಲ್. 480 ಒಪ್ಪಂದವಾಯಿತು. ಅಂದು ಶಾಲೆಯಲ್ಲಿ ತಿಂದ ಅಮೆರಿಕಾದ ಗೋಧಿಯ ಉಪ್ಪಿಟ್ಟನ್ನು, ಕುಡಿದ ಪುಡಿಹಾಲನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ.

1965 ಮತ್ತು 1966ರಲ್ಲಿ ಒಂದರ ಮೇಲೊಂದರಂತೆ ಬರಗಾಲ ಬಂತು. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಆಮದಾಯಿತು. ಅಮೆರಿಕಾದ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ಸ್ವಲ್ಪಸ್ವಲ್ಪವಾಗಿಯೇ ಬಿಡುತ್ತಿದ್ದರು. ವಾರಕ್ಕೊಂದು ಹೊತ್ತು ಊಟ ಬಿಡುವಂತೆ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ದೇಶಕ್ಕೆ ಕರೆ ಕೊಟ್ಟರು. ಈ ಅವಮಾನದಿಂದಲೇ ಹೊಸ ವ್ಯವಸ್ಥೆ ಹುಟ್ಟಿತು. ಸಚಿವ ಸಿ. ಸುಬ್ರಹ್ಮಣ್ಯಂ ಅವರ ಕಾಲದಲ್ಲಿ, 1965ರಲ್ಲಿ ಭಾರತೀಯ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗ ಸ್ಥಾಪನೆಯಾದವು. ರೈತನಿಂದ ಬೆಂಬಲ ಬೆಲೆಗೆ ಕೊಳ್ಳುವುದು, ಗೋದಾಮಿನಲ್ಲಿ ಕಾಪಿಡುವುದು, ನ್ಯಾಯಬೆಲೆ ಅಂಗಡಿಯ ಮೂಲಕ ಹಂಚುವುದು ಎಂಬ ಮೂರು ಕೊಂಡಿಗಳ ಸರಪಳಿ ಸಿದ್ಧವಾಯಿತು. ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯವನ್ನು ತೆನೆಯಲ್ಲೇ ಉಳಿಸಿ, ಕ್ಷಾಮದ ಏಳು ವರ್ಷಗಳಲ್ಲಿ ಬಳಸುವಂತೆ ಪ್ರವಾದಿ ಯೂಸುಫ್(ಅ) ನೀಡಿದ ಸಲಹೆಯನ್ನು ಇಲ್ಲಿ ಸ್ಮರಿಸಬಹುದು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಲಾಯಿತು. 1968ರ ಸುಗ್ಗಿಯಲ್ಲಿ ಬೆಳೆ ಎಷ್ಟು ಬಂತೆಂದರೆ, ಪಂಜಾಬಿನಲ್ಲಿ ಶಾಲಾ ಕಟ್ಟಡಗಳನ್ನೇ ಉಗ್ರಾಣಗಳನ್ನಾಗಿ ಮಾಡಬೇಕಾಯಿತು. ಹಸಿರು ಕ್ರಾಂತಿಯ ಹಾನಿಗಳೇನೇ ಇರಲಿ, ಅನ್ನಕ್ಕಾಗಿ ಹಡಗು ಕಾಯುವ ಸ್ಥಿತಿಯಿಂದ ಅದು ದೇಶವನ್ನು ಬಿಡಿಸಿತು.

ಗೋದಾಮು ತುಂಬಿತು, ಹೊಟ್ಟೆ ತುಂಬಲಿಲ್ಲ

ಉಗ್ರಾಣ ತುಂಬಿದ ಮಾತ್ರಕ್ಕೆ ಹಸಿವು ನೀಗುವುದಿಲ್ಲವೆಂಬುದು ಮುಂದಿನ ಮೂರು ದಶಕಗಳಲ್ಲಿ ಸ್ಪಷ್ಟವಾಯಿತು. 1997ರವರೆಗೆ ರೇಷನ್ ವ್ಯವಸ್ಥೆ ತತ್ವತಃ ಎಲ್ಲರಿಗೂ ತೆರೆದಿತ್ತು. ಆ ವರ್ಷದ ಜೂನ್‌ನಿಂದ ಜನರನ್ನು ಬಡತನ ರೇಖೆಯ ಮೇಲಿನವರು, ಕೆಳಗಿನವರು ಎಂದು ವಿಂಗಡಿಸಲಾಯಿತು. ಖರ್ಚು ಉಳಿಸಿ ನಿಜವಾದ ಬಡವರಿಗೇ ಕೊಡಬೇಕೆಂಬುದು ಉದ್ದೇಶ. ಆದರೆ ಬೀಡಿ ಕಟ್ಟುವವರ, ತಳ್ಳುಗಾಡಿಯವರ, ಮೀನು ಮಾರುವವರ ಆದಾಯ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಸಮೀಕ್ಷೆಗೆ ಬಂದವರು ಒಂದು ದಿನ ಬರೆದುಕೊಂಡು ಹೋದದ್ದು ವರ್ಷಗಟ್ಟಲೆ ಆ ಮನೆಯ ಹಣೆಬರಹವಾಯಿತು. ಬಡವರು ಪಟ್ಟಿಯಿಂದ ಹೊರಗುಳಿದರು, ಉಳ್ಳವರು ಒಳಗೆ ಸೇರಿಕೊಂಡರು. ಮೇಲಿನವರ ಪಾಲಿನ ಧಾನ್ಯಕ್ಕೆ ಬೆಲೆ ಏರಿದಾಗ ಅವರು ಕೊಳ್ಳುವುದನ್ನೇ ಬಿಟ್ಟರು. ಧಾನ್ಯ ಗೋದಾಮಿನಲ್ಲೇ ಉಳಿಯಿತು.

2001ರ ಮಧ್ಯದಲ್ಲಿ ಸರಕಾರಿ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಧಾನ್ಯವಿತ್ತು. ಅದೇ ಹೊತ್ತಿಗೆ ರಾಜಸ್ಥಾನ, ಒರಿಸ್ಸಾ ಮುಂತಾದೆಡೆ ಬರವಿತ್ತು, ಹಸಿವಿನ ಸಾವುಗಳ ವರದಿಗಳು ಬರುತ್ತಿದ್ದವು. ಆ ವರ್ಷದ ಏಪ್ರಿಲ್‌ನಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ರಾಜಸ್ಥಾನ ಘಟಕವು ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 21ನೇ ವಿಧಿಯು ಜೀವಿಸುವ ಹಕ್ಕನ್ನು ಕೊಟ್ಟಿದೆ. ಅನ್ನವಿಲ್ಲದೆ ಜೀವವುಂಟೇ ಎಂಬುದು ಆ ಅರ್ಜಿಯ ವಾದದ ತಿರುಳು.

ಶಾಲೆಯ ಬಿಸಿಯೂಟ

ಆ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಬಂದ ಆದೇಶ ನಮ್ಮಂಥ ಶಿಕ್ಷಣ ಸಂಸ್ಥೆಗಳವರು ಅಗತ್ಯವಾಗಿ ತಿಳಿದಿರಬೇಕಾದದ್ದು. ಶಾಲೆಯಲ್ಲಿ ಊಟ ಕೊಡುವುದು ಹೊಸದೇನಲ್ಲ. ಕಾಮರಾಜರು 1956ರಲ್ಲಿ ಮದ್ರಾಸ್ ರಾಜ್ಯದಲ್ಲಿ ಅದನ್ನು ವ್ಯಾಪಕಗೊಳಿಸಿದ್ದರು. ಎಂ.ಜಿ. ರಾಮಚಂದ್ರನ್ 1982ರಲ್ಲಿ ತಮಿಳುನಾಡಿನಲ್ಲಿ ಇನ್ನಷ್ಟು ವಿಸ್ತರಿಸಿದ್ದರು. 1993ರಲ್ಲಿ ಬಾಂಗ್ಲಾದೇಶವು ಇನ್ನೊಂದು ದಾರಿ ಹಿಡಿಯಿತು. ಪ್ರಾಥಮಿಕ ಶಾಲೆಗೆ ಮಗುವನ್ನು ಕಳುಹಿಸುವ ಬಡ ಕುಟುಂಬಕ್ಕೆ ತಿಂಗಳಿಗೆ 15 ಕಿಲೋ ಗೋಧಿ, ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ 20 ಕಿಲೋ ಕೊಡತೊಡಗಿತು. ಭಾರತ ಸರಕಾರವು 1995ರ ಆಗಸ್ಟ್ 15ರಂದು ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಆದರೆ ಬಹುತೇಕ ರಾಜ್ಯಗಳಲ್ಲಿ, ಕರ್ನಾಟಕವೂ ಸೇರಿ, ಅದು ಹಾಜರಾತಿ ನೋಡಿ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವುದಕ್ಕೆ ಸೀಮಿತವಾಯಿತು. ಮನೆಗೆ ಹೋದ ಆ 3 ಕಿಲೋ ಮನೆಮಂದಿಯೆಲ್ಲರ ಪಾಲಾಗುತ್ತಿತ್ತು.

'ಬೇಯಿಸಿದ ಊಟ' ಎಂಬುದೇ ಸುಪ್ರೀಂ ಕೋರ್ಟ್ ತಂದ ಬದಲಾವಣೆ. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೆ ವರ್ಷದಲ್ಲಿ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ ಹಾಗೂ 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬಿಸಿ ಊಟ ಕೊಡಬೇಕೆಂದು ಅದು ಹೇಳಿತು. ಇದು ಸರಕಾರದ ಕೃಪೆಯಲ್ಲ, ಮಗುವಿನ ಹಕ್ಕು ಎಂಬ ಮಾತಿಗೆ ಆಧಾರ ದೊರೆಯಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಅಕ್ಷರ ಮತ್ತು ಅನ್ನವನ್ನು ಒಂದೇ ಹೆಸರಿನಲ್ಲಿ ಸೇರಿಸಿದ್ದು ಅರ್ಥಪೂರ್ಣ. ಸರ್ವ ಶಿಕ್ಷಾ ಅಭಿಯಾನದ ನೆರವು ಪಡೆಯುವ ಮದ್ರಸಾ ಹಾಗೂ ಮಕ್ತಬ್‌ಗಳನ್ನೂ ಮುಂದೆ ಯೋಜನೆಯೊಳಗೆ ತರಲಾಯಿತು. 2013ರ ಆಗಸ್ಟ್‌ನಲ್ಲಿ ಶಾಲಾಮಕ್ಕಳಿಗೆ ಹಾಲು ಕೊಡುವ 'ಕ್ಷೀರಭಾಗ್ಯ' ಬಂತು. 2021ರ ಡಿಸೆಂಬರ್‌ನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಆರಂಭವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೆರವು ನೀಡಲು ಒಪ್ಪಿದ ಮೇಲೆ ಮೊಟ್ಟೆಯನ್ನು ವಾರದ 6 ದಿನಗಳಿಗೂ ವಿಸ್ತರಿಸಲಾಯಿತು.

ಇದರ ಫಲ ಒಂದು ಪೀಳಿಗೆಗೆ ನಿಲ್ಲುವುದಿಲ್ಲ. ಶಾಲೆಯಲ್ಲಿ ಬಿಸಿಯೂಟ ದೊರೆತ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರದ ಬೆಳವಣಿಗೆ ಉತ್ತಮವಾಗಿತ್ತೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹುಡುಗಿಯನ್ನು ಏಳನೆಯ ತರಗತಿಗೇ ಶಾಲೆ ಬಿಡಿಸುವ ಹೆತ್ತವರು ಈ ಮಾತನ್ನು ಆಲೋಚಿಸಬೇಕು. ಆಕೆಯ ಪುಸ್ತಕದೊಂದಿಗೆ ನಾಳೆಯ ಮಗುವಿನ ಆರೋಗ್ಯವನ್ನೂ ನಾವು ಕಸಿದುಕೊಳ್ಳುತ್ತಿದ್ದೇವೆ.

2013ರ ಕಾನೂನು

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರಲ್ಲಿ ಜಾರಿಗೆ ಬಂತು. ಗ್ರಾಮೀಣ ಜನಸಂಖ್ಯೆಯ ಶೇ. 75ರವರೆಗೆ, ನಗರದ ಶೇ. 50ರವರೆಗೆ ತಲಾ 5 ಕಿಲೋ ಧಾನ್ಯವನ್ನು ಅಕ್ಕಿಗೆ 3, ಗೋಧಿಗೆ 2, ಸಿರಿಧಾನ್ಯಕ್ಕೆ 1 ರೂಪಾಯಿಯಂತೆ ಪಡೆಯುವ ಹಕ್ಕನ್ನು ಅದು ಕೊಟ್ಟಿತು. ಅಂತ್ಯೋದಯ ಕುಟುಂಬಗಳಿಗೆ 35 ಕಿಲೋ ಮುಂದುವರಿಯಿತು. 2023ರ ಜನವರಿಯಿಂದ ಈ ಧಾನ್ಯ ಉಚಿತವಾಗಿದೆ. ಅಂಗನವಾಡಿ ಮತ್ತು ಶಾಲೆಯ ಊಟವೂ ಕಾನೂನಿನ ಭಾಗವಾಯಿತು. ರೇಷನ್ ಕಾರ್ಡಿನಲ್ಲಿ 18 ವರ್ಷ ಮೀರಿದ ಹಿರಿಯ ಮಹಿಳೆಯೇ ಮನೆಯ ಯಜಮಾನಿ ಎಂಬ ನಿಯಮವೂ ಇದರಲ್ಲೇ ಇದೆ. ಕರ್ನಾಟಕದಲ್ಲಿ ಅದೇ ವರ್ಷದ ಜುಲೈಯಲ್ಲಿ 'ಅನ್ನಭಾಗ್ಯ' ಪ್ರಾರಂಭವಾಯಿತು.

ಕಾನೂನಿನಲ್ಲಿ ಬರೆದದ್ದಕ್ಕೂ ಕೈಗೆ ಬರುವುದಕ್ಕೂ ಅಂತರವಿದೆ. ಗರ್ಭಿಣಿಯರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವು ಕೊಡಬೇಕೆಂದು ಕಾಯ್ದೆ ಹೇಳಿತು. 2017ರಲ್ಲಿ ಬಂದ ಯೋಜನೆ ಅದನ್ನು 5,000 ರೂಪಾಯಿಗೆ ಇಳಿಸಿ, ಮೊದಲ ಮಗುವಿಗೆ ಮಾತ್ರ ಸೀಮಿತಗೊಳಿಸಿತು. 2022ರಲ್ಲಿ ಎರಡನೆಯ ಮಗು ಹೆಣ್ಣಾದರೆ ಮಾತ್ರ ಅದಕ್ಕೂ ನೆರವೆಂದಾಯಿತು. ಉಮರ್(ರ)ರ ಕಾಲದ ಆ ತಾಯಿ ಇಲ್ಲಿ ಮತ್ತೆ ನೆನಪಾಗುತ್ತಾಳೆ. ಅದೇ ರೀತಿ, ಬೆರಳಚ್ಚು ಹೊಂದದೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳುವ ವೃದ್ಧರಿದ್ದಾರೆ. ದುಡಿದು ಸವೆದ ಬೆರಳುಗಳನ್ನು ಯಂತ್ರ ಗುರುತಿಸುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಪರ ಊರುಗಳಲ್ಲಿ ಸಿಲುಕಿದ ಕಾರ್ಮಿಕರ ಕಾರ್ಡು ಅವರ ಹಳ್ಳಿಯಲ್ಲಿತ್ತು, ಹಸಿವು ಮಾತ್ರ ಅವರ ಜೊತೆಯಲ್ಲಿತ್ತು. 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಆದೇಶಿಸಿದ್ದು ಇದರ ನಂತರವೇ.

ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ

ನಮ್ಮ ಧಾನ್ಯ ಉತ್ಪಾದನೆ ಈಗ 30 ಕೋಟಿ ಟನ್ ಮೀರಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 2005-06ರಲ್ಲಿ ಇದು ಶೇ. 48 ಇತ್ತು. ಅಂದರೆ ಸುಧಾರಣೆ ಆಗಿದೆ, ಆದರೆ ನಿಧಾನವಾಗಿ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು.

ಕಾರಣಗಳು ಹಲವು. ಹಸಿರು ಕ್ರಾಂತಿಯ ಬೆಂಬಲವೆಲ್ಲ ಗೋಧಿ ಮತ್ತು ಭತ್ತಕ್ಕೆ ಹೋಯಿತು. 1951ರಲ್ಲಿ ತಲೆಗೆ ದಿನಕ್ಕೆ ಸುಮಾರು 60 ಗ್ರಾಂ ಇದ್ದ ಬೇಳೆಕಾಳುಗಳ ಲಭ್ಯತೆ 2000ರ ದಶಕದಲ್ಲಿ ಸುಮಾರು 35 ಗ್ರಾಂಗೆ ಇಳಿಯಿತು. ರಾಗಿ, ಜೋಳ, ನವಣೆಗಳು ಬಡವರ ಧಾನ್ಯಗಳೆಂದು ಮೂಲೆಗೆ ಸರಿದವು. ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ಶುದ್ಧ ನೀರು, ಶೌಚಾಲಯ, ತಾಯಿಯ ವಿದ್ಯೆ, ಮದುವೆಯ ವಯಸ್ಸು ಇವೆಲ್ಲ ಪೋಷಣೆಯ ಭಾಗಗಳೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಇದನ್ನು ಅರಿತೇ ರೂಪುಗೊಂಡಿತ್ತು. ಆ 33ರಲ್ಲಿ ನಮ್ಮ ತಿ. ನರಸೀಪುರವೂ ಒಂದು. ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಒಂದೇ ಸೂರಿನಡಿ ಸಿಗಬೇಕೆಂಬುದು ಅದರ ಕಲ್ಪನೆ. ಕರ್ನಾಟಕದ 'ಮಾತೃಪೂರ್ಣ' ಯೋಜನೆ 2017ರಲ್ಲಿ ಗರ್ಭಿಣಿ, ಬಾಣಂತಿಯರಿಗೂ ಅಲ್ಲಿ ಬಿಸಿಯೂಟ ಒದಗಿಸಿತು.

ನಮ್ಮ ಪಾಲಿನ ಕೆಲಸ

ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ. ರಮಝಾನಿನಲ್ಲಿ ನಾವು ಕಿಟ್ ಹಂಚುತ್ತೇವೆ, ಈದ್‌ಗೆ ಮುಂಚೆ ಫಿತ್ರ್ ಝಕಾತ್ ತಲುಪಿಸುತ್ತೇವೆ. ಇವು ಪುಣ್ಯಕಾರ್ಯಗಳು, ಬಿಡಬಾರದವು. ಆದರೆ ಕಿಟ್ ಒಂದು ತಿಂಗಳಲ್ಲಿ ಮುಗಿಯುತ್ತದೆ. ರೇಷನ್ ಕಾರ್ಡು ಕೊಡಿಸಿದರೆ ಆ ಮನೆಗೆ ವರ್ಷದ ಹನ್ನೆರಡು ತಿಂಗಳೂ ಧಾನ್ಯ ಬರುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಬಿಸಿಯೂಟ ಉಂಡೇ ಓದಿ ಮೇಲೆ ಬಂದವರು. ಅದನ್ನು ಹೇಳಿಕೊಳ್ಳಲು ನಾಚಬೇಕಾಗಿಲ್ಲ. ಅದು ಭಿಕ್ಷೆಯಲ್ಲ, ಹಕ್ಕು. ಆಹಾರ ಭದ್ರತಾ ಕಾಯ್ದೆಯು ಪ್ರತಿ ಜಿಲ್ಲೆಯಲ್ಲಿ ದೂರು ಪರಿಹಾರ ಅಧಿಕಾರಿ, ಪ್ರತಿ ರಾಜ್ಯದಲ್ಲಿ ಆಹಾರ ಆಯೋಗ ಇರಬೇಕೆಂದು ಹೇಳಿದೆ. ನಿಗದಿಯಾದ ಧಾನ್ಯ ಕೊಡದಿದ್ದರೆ ಅದರ ಬದಲಿಗೆ ಭತ್ಯೆ ಕೊಡಬೇಕೆಂದೂ ಹೇಳಿದೆ. ಇದನ್ನು ತಿಳಿಯದ ವಿಧವೆ, ಅರ್ಜಿ ಬರೆಯಲಾಗದ ಕೂಲಿಕಾರ, ಬೆರಳು ಸವೆದ ಅಜ್ಜಿ ನಿಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಅವರ ಜೊತೆ ಒಂದು ದಿನ ತಾಲೂಕು ಕಚೇರಿಗೆ ಹೋಗಿ ಬನ್ನಿ. ಅರ್ಜಿ ತುಂಬಿ, ಸ್ವೀಕೃತಿ ಕೇಳಿ ಪಡೆಯಿರಿ.

ಮದೀನಾದ ಆ ರಾತ್ರಿ ತಾಯಿಯ ದೂರು ಖಲೀಫರ ಕಿವಿಗೇ ಬಿತ್ತು. ನಮ್ಮ ಕಾಲದಲ್ಲಿ ಆಳುವವರು ರಾತ್ರಿ ಗಲ್ಲಿ ಸುತ್ತುವುದಿಲ್ಲ. ಆ ಅಳುವನ್ನು ಕೇಳಿ, ಬರೆದು, ಮೇಲಿನವರಿಗೆ ತಲುಪಿಸುವ ಕೆಲಸ ವಿದ್ಯೆ ಕಲಿತವರ ಮೇಲೆ ಬಿದ್ದಿದೆ.